ದಂಡವಿಲ್ಲದ ಗುರಿ ಕಾನೂನಲ್ಲ

ವಿದ್ಯುತ್ ಮಾರುವ ಕಂಪನಿಗಳು ಇಂತಿಷ್ಟು ಪಾಲನ್ನು ಗಾಳಿ, ಬಿಸಿಲಿನಂಥ ಮೂಲಗಳಿಂದಲೇ ಕೊಳ್ಳಬೇಕೆಂದು ಸರ್ಕಾರ ಕಟ್ಟುಪಾಡು ಹಾಕಬೇಕೇ? ಸೌರವಿದ್ಯುತ್ ಅಗ್ಗವಾಗಿರುವ ಈ ಹೊತ್ತಿನಲ್ಲಿ ಆ ಕೆಲಸವನ್ನು ಮಾರುಕಟ್ಟೆಗೇ ಬಿಡಬಹುದಲ್ಲ ಎಂದು ವಾದಿಸುವವರಿದ್ದಾರೆ. ಕಟ್ಟುಪಾಡು ಬೇಕೇ ಬೇಕು ಎಂಬುದು ನನ್ನ ನಿಲುವು. ಆದರೆ ಅದರ ಬಲ ಇರುವುದು ಗುರಿ ತಪ್ಪಿದವರು ಏನು ತೆರಬೇಕು ಎಂದು ಹೇಳುವ ಸಾಲಿನಲ್ಲಿ.

ಮಾರುಕಟ್ಟೆಯೊಂದೇ ಏಕೆ ಸಾಲದು? ಕಲ್ಲಿದ್ದಲು, ಅನಿಲದ ಬೆಲೆ ಏರಿದರೆ ಸರಬರಾಜು ಕಂಪನಿ ಆ ಹೆಚ್ಚಳವನ್ನು ಬಹುಪಾಲು ಗ್ರಾಹಕರಿಗೆ ದಾಟಿಸುತ್ತದೆ. ನಮ್ಮ ಬಿಲ್ಲಿನಲ್ಲಿ ಕಾಣುವ ಇಂಧನ ವೆಚ್ಚ ಹೊಂದಾಣಿಕೆಯ ಮೊತ್ತ ಇದೇ. ನಷ್ಟ ತನ್ನದಲ್ಲದಾಗ ಕಂಪನಿಗೆ ಹಳೆಯ ಹಾದಿ ಬಿಡುವ ಅವಸರವೂ ಇರುವುದಿಲ್ಲ. ಇತ್ತ ಗಾಳಿಯಂತ್ರ ನೆಡುವವನಿಗೆ ಇಂಧನದ ಖರ್ಚಿಲ್ಲದಿದ್ದರೂ ಬಂಡವಾಳವನ್ನೆಲ್ಲ ಮೊದಲೇ ಸುರಿಯಬೇಕು. ಕೊಳ್ಳುವವರು ಖಚಿತವಾಗಿ ಇದ್ದಾರೆಂಬ ಭರವಸೆಯಿಲ್ಲದೆ ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ. ಆ ಭರವಸೆಯನ್ನು ಕಾನೂನು ಕೊಡಬಲ್ಲದು.

ಅಮೆರಿಕದ ರಾಜ್ಯಗಳು ಇದನ್ನು ಮಾಡಿ ನೋಡಿವೆ. 1983ರಲ್ಲಿ ಅಯೋವ ಇಂಥ ಮೊದಲ ಕಾನೂನು ತಂದಿತು. 1999ರಲ್ಲಿ, ತೈಲಕ್ಕೆ ಹೆಸರಾದ ಟೆಕ್ಸಾಸ್, ಹತ್ತು ವರ್ಷಗಳಲ್ಲಿ 2,000 ಮೆಗಾವ್ಯಾಟ್ ಹೊಸ ಸಾಮರ್ಥ್ಯ ಸೇರಬೇಕೆಂದು ವಿಧಿಸಿತು. ಸಹಿ ಹಾಕಿದವರು ಅಂದಿನ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್. ಉತ್ಪಾದನೆಯನ್ನು ಪ್ರಮಾಣಪತ್ರಗಳ ಮೂಲಕ ಲೆಕ್ಕವಿಡಲಾಯಿತು. ತನ್ನ ಪಾಲಿನ ಪ್ರಮಾಣಪತ್ರ ಒಪ್ಪಿಸದ ಕಂಪನಿಗೆ ದಂಡ ಕಾದಿತ್ತು. ಗುರಿ ಅವಧಿಗೆ ಮೊದಲೇ ಮುಟ್ಟಿತು. 2005ರಲ್ಲಿ ಶಾಸನಸಭೆ ಗುರಿಯನ್ನು ಹೆಚ್ಚಿಸಿದ್ದಲ್ಲದೆ, ಪಶ್ಚಿಮದ ಗಾಳಿಬಯಲನ್ನು ಪೂರ್ವದ ನಗರಗಳಿಗೆ ಜೋಡಿಸುವ ಪ್ರಸರಣ ಮಾರ್ಗಗಳಿಗೂ ದಾರಿ ಮಾಡಿತು. ಸುಮಾರು 700 ಕೋಟಿ ಡಾಲರ್ ಖರ್ಚಾಯಿತು. ಇಂದು ಗಾಳಿ ವಿದ್ಯುತ್ತಿನಲ್ಲಿ ಆ ದೇಶದ ಮೊದಲ ರಾಜ್ಯ ಟೆಕ್ಸಾಸ್.

ಓಹಾಯೊದ ಕಥೆ ಬೇರೆ. 2008ರಲ್ಲಿ ಶೇ 12.5ರ ಗುರಿ ಇಟ್ಟ ರಾಜ್ಯ 2014ರಲ್ಲಿ ಅದನ್ನು ಎರಡು ವರ್ಷ ತಡೆಹಿಡಿಯಿತು. 2019ರ ಇನ್ನೊಂದು ಕಾನೂನು ಅದನ್ನು ಶೇ 8.5ಕ್ಕೆ ಇಳಿಸಿ, ಎರಡು ಅಣುಸ್ಥಾವರಗಳ ಹೊರೆಯನ್ನು ಗ್ರಾಹಕರ ಮೇಲೆ ಹಾಕಿತು. ಆ ಕಾನೂನಿನ ಹಿಂದೆ ಸುಮಾರು 6 ಕೋಟಿ ಡಾಲರ್ ಲಂಚ ಹರಿದಿತ್ತೆಂದು ಸಾಬೀತಾಗಿ, ವಿಧಾನಸಭೆಯ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಸೆರೆವಾಸ ವಿಧಿಸಲಾಯಿತು. ಗುರಿಯನ್ನು ಸಡಿಲಿಸಿದರೆ ಯಾರಿಗೋ ಲಾಭವಿರುತ್ತದೆ. ಜನ ಕಣ್ಣಿಟ್ಟಿರದಿದ್ದರೆ ಆ ಲಾಭವೇ ಕಾನೂನನ್ನು ಬರೆಯುತ್ತದೆ.

ಬಿಲ್ಲು ಏರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೊದಮೊದಲು ದುಬಾರಿ ದರಕ್ಕೆ ಮಾಡಿಕೊಂಡ ದೀರ್ಘಾವಧಿ ಒಪ್ಪಂದಗಳ ಭಾರವನ್ನು ಗ್ರಾಹಕರು ಹೊತ್ತಿದ್ದಾರೆ. ಅದಕ್ಕೆ ಮದ್ದು ಮುಕ್ತ ಹರಾಜು, ಗುರಿಯನ್ನೇ ಕೈಬಿಡುವುದಲ್ಲ. ಸೂರ್ಯ ಮುಳುಗಿದ ಮೇಲೇನು ಎಂಬ ಪ್ರಶ್ನೆಯೂ ನಿಜವೇ. ಅದಕ್ಕೆ ಪ್ರಸರಣ ಮಾರ್ಗ ಮತ್ತು ಸಂಗ್ರಹ ವ್ಯವಸ್ಥೆ ಗುರಿಯ ಜೊತೆಜೊತೆಗೇ ಬರಬೇಕು. ಪ್ರಸರಣ ಮಾರ್ಗದ ಮಟ್ಟಿಗೆ ಟೆಕ್ಸಾಸ್ ಗೆದ್ದದ್ದು ಹಾಗೆ.

ನಮ್ಮಲ್ಲೂ ಈ ಕಟ್ಟುಪಾಡು ಹೊಸದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 86(1)(ಇ) ಕಲಂ, ನವೀಕರಿಸಬಹುದಾದ ಮೂಲಗಳಿಂದ ಕೊಳ್ಳಬೇಕಾದ ಪಾಲನ್ನು ನಿಗದಿಪಡಿಸುವ ಹೊಣೆಯನ್ನು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಗಳಿಗೆ ವಹಿಸಿತು. ಸ್ವಂತ ಬಳಕೆಗೆ ವಿದ್ಯುತ್ ಉತ್ಪಾದಿಸುವ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ 2029-30ಕ್ಕೆ ಶೇ 43.33ರ ಗುರಿ ಇಟ್ಟಿದೆ. ಇಷ್ಟಿದ್ದೂ ಹಲವು ರಾಜ್ಯಗಳಲ್ಲಿ ಕೊರತೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದು, ದಂಡ ಮನ್ನಾ ಮಾಡುವುದು ರೂಢಿಯಾಯಿತು. ಪ್ರಾಮಾಣಿಕವಾಗಿ ಗುರಿ ಮುಟ್ಟಿದವರಿಗೆ ಇದು ಮಾಡಿದ ಅನ್ಯಾಯ.

ಆದ್ದರಿಂದ ಎಷ್ಟು ಶೇಕಡಾ ಎಂದು ಕೇಳಿ ಸುಮ್ಮನಾಗುವುದು ಬೇಡ. ಕಳೆದ ವರ್ಷ ಯಾರು ತಪ್ಪಿದರು, ಎಷ್ಟು ದಂಡ ಕಟ್ಟಿದರು ಎಂದೂ ಕೇಳಬೇಕು. ನಮ್ಮ ಆಯೋಗ ವಿದ್ಯುತ್ ದರ ನಿಗದಿಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮುಂದಿನ ವಿಚಾರಣೆಯಲ್ಲಿ ಈ ಪ್ರಶ್ನೆಯನ್ನು ಬರೆದುಕೊಡಿ, ಉತ್ತರ ಬರುವವರೆಗೂ ಬಿಡಬೇಡಿ.