ತಪ್ಪು ವರ್ಕ್‌ಶಾಪಿನದು, ಕ್ಲೇಮು ನಮ್ಮ ಹೆಸರಿನಲ್ಲಿ

“ಇನ್ಶೂರೆನ್ಸ್‌ದಾಗ ಹಾಕೂಣ್ರಿ ಸರ, ನಿಮಗೇನೂ ಖರ್ಚ ಬರಂಗಿಲ್ಲ.”

ಸರ್ವಿಸಿಗೆ ಬಿಟ್ಟ ಕಾರು ಬಾಗಿಲು ತಗ್ಗಾಗಿಯೋ ಬಂಪರ್ ಸೀಳಿಯೋ ಹೊರಗೆ ಬಂದಾಗ ಸರ್ವಿಸ್ ಅಡ್ವೈಸರ್ ಆಡುವ ಮಾತು ಇದು. ವಿಜಯಪುರದ ಗಾಂಧಿ ಚೌಕದಲ್ಲಿ ಚಹಾಕ್ಕೆ ನಿಂತವರ ಮುಂದೆ ಕಾರಿನ ಸರ್ವಿಸಿನ ಸುದ್ದಿ ತೆಗೆದು ನೋಡಿ, ಇದನ್ನು ಕೇಳಿಸಿಕೊಂಡವರು ಒಬ್ಬರಾದರೂ ಸಿಗುತ್ತಾರೆ. ಹೇಳುವವನ ದನಿಯಲ್ಲಿ ಉಪಕಾರ ಮಾಡುತ್ತಿರುವ ಧಾಟಿ. ಕೇಳುವವರಿಗೆ ಸಂಜೆಯೊಳಗೆ ಟಿಕೋಟಾಕ್ಕೋ ಬಬಲೇಶ್ವರಕ್ಕೋ ಮುಟ್ಟುವ ಅವಸರ. ಜಗಳ ಯಾಕೆಂದು ಫಾರ್ಮಿಗೆ ಸಹಿ ಹಾಕಿ ಬರುತ್ತಾರೆ. ಆ ಸಹಿ ಹಾಕಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಸಹಿಯಿಂದ ಏನಾಗುತ್ತದೆ ನೋಡಿ. ಒಂದು ವರ್ಷ ಕ್ಲೇಮು ಮಾಡದ ಕಾರಿಗೆ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇ 20ರಷ್ಟು ನೋ ಕ್ಲೇಮ್ ಬೋನಸ್ ಸಿಗುತ್ತದೆ. ಅದು ವರ್ಷದಿಂದ ವರ್ಷಕ್ಕೆ ಏರಿ ಐದು ವರ್ಷಕ್ಕೆ ಶೇ 50 ಮುಟ್ಟುತ್ತದೆ. ಒಂದೇ ಒಂದು ಕ್ಲೇಮು ಮಾಡಿದರೂ ಅಷ್ಟೂ ಹೋಗಿ ಮತ್ತೆ ಸೊನ್ನೆಯಿಂದ ಶುರು. ಇದರ ಮೇಲೆ ಪ್ರತಿ ಕ್ಲೇಮಿಗೆ ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತ ಬೇರೆ: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಖರ್ಚೇನೂ ಬರಂಗಿಲ್ಲ ಅನ್ನುವ ಮಾತು ಇಲ್ಲಿಗೇ ಸುಳ್ಳಾಯಿತು.

ಹಣಕ್ಕಿಂತ ದೊಡ್ಡ ಅಪಾಯ ಫಾರ್ಮಿನಲ್ಲಿದೆ. ಅಪಘಾತ ಎಲ್ಲಿ ಆಯಿತು, ಯಾವಾಗ ಆಯಿತು, ಗಾಡಿ ಯಾರು ಓಡಿಸುತ್ತಿದ್ದರು ಎಂದು ಅಲ್ಲಿ ಕೇಳಿರುತ್ತಾರೆ. ವರ್ಕ್‌ಶಾಪಿನ ಹುಡುಗ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿದ ಎಂದು ಯಾರೂ ಬರೆಯುವುದಿಲ್ಲ. ಮನೆಯ ಗೇಟಿಗೆ ತಾಗಿತು, ಓಡಿಸುತ್ತಿದ್ದವರು ಮಾಲೀಕರೇ ಎಂದು ಬರೆದುಕೊಂಡು ಕೆಳಗೆ ನಿಮ್ಮ ಸಹಿ ಪಡೆಯುತ್ತಾರೆ. ಬೇರೆಯವರ ತಪ್ಪಿಗೆ ವಿಮಾ ಕಂಪನಿಯ ಮುಂದೆ ಸುಳ್ಳು ಹೇಳಿದವರು ಈಗ ನೀವು. ನಾಳೆ ನಿಜವಾದ ದೊಡ್ಡ ಅಪಘಾತವಾಗಿ ಕ್ಲೇಮಿಗೆ ಹೋದಾಗ ಆ ಹಳೆಯ ಕಾಗದ ನಿಮ್ಮ ಕಡತದಲ್ಲೇ ಕೂತಿರುತ್ತದೆ.

ಇಂಥ ಹಾನಿ ತುಂಬಿಕೊಡಲು ದಾರಿಯೇ ಇಲ್ಲ ಅನ್ನುವಂತೆಯೂ ಇಲ್ಲ. ಗಿರಾಕಿಗಳ ಗಾಡಿಯನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವ, ಟ್ರಯಲ್ ನೋಡಲು ರಸ್ತೆಗೆ ಒಯ್ಯುವ ಗ್ಯಾರೇಜುಗಳಿಗೆಂದೇ ಮೋಟಾರ್ ಟ್ರೇಡ್ ಪಾಲಿಸಿ ಎಂಬ ಪ್ರತ್ಯೇಕ ವಿಮೆ ಇದೆ. ಅದರ ಪ್ರೀಮಿಯಂ ಕಟ್ಟಬೇಕಾದದ್ದು ಡೀಲರು. ಅದನ್ನು ಬಿಟ್ಟು ನಮ್ಮ ಪಾಲಿಸಿಗೆ ಕೈ ಹಾಕುವ ಹಕ್ಕು ಅವರಿಗೆ ಯಾರು ಕೊಟ್ಟರು?

ನನ್ನ ಗಾಡಿಗೂ ಹೀಗೇ ಆಯಿತು. ಎಡಗಡೆ ಹಿಂದಿನ ಬಾಗಿಲಲ್ಲಿ ಅಂಗೈಯಷ್ಟು ತಗ್ಗು. “ಮೊದಲ ಇತ್ತ್ರಿ ಸರ ಅದು” ಅಂದರು. ಬೆಳಿಗ್ಗೆ ಕೊಟ್ಟ ಜಾಬ್ ಕಾರ್ಡನ್ನು ಕಿಸೆಯಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಅದರಲ್ಲಿ ಕಾರಿನ ನಾಲ್ಕು ಕಡೆಯ ಗೆರೆಚಿತ್ರ ಇರುತ್ತದೆ. ಗಾಡಿ ಒಳಗೆ ತೆಗೆದುಕೊಳ್ಳುವಾಗ ಅಡ್ವೈಸರ್ ಸುತ್ತ ನಡೆದು ನೋಡಿ, ಎಲ್ಲೆಲ್ಲಿ ಗೀರು, ತಗ್ಗು ಇವೆಯೋ ಅಲ್ಲೆಲ್ಲ ಪೆನ್ನಿನಿಂದ ಗುರುತು ಹಾಕಬೇಕು. ಮುಂದಿನ ಬಂಪರಿನ ಮೂಲೆಯಲ್ಲಿ ಒಂದು ಗುರುತಿತ್ತು, ಅದು ನನ್ನದೇ ಹಳೆಯ ಗೀರು. ಹಿಂದಿನ ಬಾಗಿಲಿನ ಮೇಲೆ ಏನೂ ಇರಲಿಲ್ಲ. ಕೆಳಗೆ ಅವರದೇ ಸಹಿ. ಮಾತು ಅಲ್ಲಿಗೆ ನಿಂತಿತು, ಬಾಗಿಲು ಅವರ ಖರ್ಚಿನಲ್ಲೇ ಸರಿಹೋಯಿತು. ಆ ಕಾಗದ ಇಲ್ಲದಿದ್ದರೆ ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹಾನಿ ಮಾಡಿದವರು ಯಾರು ಎಂದು ಗಿರಾಕಿಯೇ ಸಾಬೀತು ಮಾಡಬೇಕೆಂದು ಶೋರೂಮಿನವರು ತಾವೇ ಒಂದು ಕಾನೂನು ಮಾಡಿಕೊಂಡಿದ್ದಾರೆ. ದೇಶದ ಕಾನೂನು ಹಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ, ಬೇರೆಯವರ ವಸ್ತುವನ್ನು ಒಂದು ಕೆಲಸಕ್ಕಾಗಿ ವಶಕ್ಕೆ ತೆಗೆದುಕೊಂಡವನು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು. ಕಾರಿನ ಬೀಗದ ಕೈ ಕೊಟ್ಟ ಗಳಿಗೆಯಿಂದ ವಾಪಸು ಪಡೆಯುವ ಗಳಿಗೆಯವರೆಗೆ ಆ ಹೊಣೆ ವರ್ಕ್‌ಶಾಪಿನದು. ಗಾಜಿನ ಆಚೆ, ನಮಗೆ ಪ್ರವೇಶವಿಲ್ಲದ ಜಾಗದಲ್ಲಿ ಏನು ನಡೆಯಿತು ಎಂದು ಹೇಳಬಲ್ಲವರೂ ಅವರೇ.

ಜಾಬ್ ಕಾರ್ಡಿನ ಹಿಂಬದಿ ಓದಿದ್ದೀರಾ? ಬೂದು ಬಣ್ಣದ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ವಾಹನವನ್ನು ಮಾಲೀಕರ ಸ್ವಂತ ಜವಾಬ್ದಾರಿಯ ಮೇಲೆ ಬಿಡಲಾಗಿದೆ ಎಂಬ ಅರ್ಥದ ಸಾಲು ಇರುತ್ತದೆ. ವಾದ ಶುರುವಾದರೆ ಮ್ಯಾನೇಜರ್ ಬೆರಳಿಡುವುದು ಅದರ ಮೇಲೆಯೇ. ಇದೇ ಬಗೆಯ ಸಾಲಿನ ಗತಿ ಏನಾಯಿತು ಎಂಬುದು ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಪಾರ್ಕಿಂಗಿಗೆಂದು ಸಿಬ್ಬಂದಿಯ ಕೈಗೆ ಕೊಟ್ಟ ಮಾರುತಿ ಝೆನ್ ಕಳುವಾಯಿತು. ಪಾರ್ಕಿಂಗ್ ಚೀಟಿಯ ಮೇಲೆ ಹೊಣೆ ಮಾಲೀಕನದೆಂದು ಅಚ್ಚಾಗಿತ್ತು. 2019ರ ನವೆಂಬರ್ 14ರಂದು ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಬೀಗದ ಕೈ ತೆಗೆದುಕೊಂಡವರು ತಮ್ಮ ನಿರ್ಲಕ್ಷ್ಯ ಇರಲಿಲ್ಲವೆಂದು ಮೊದಲು ತೋರಿಸಬೇಕು, ಆಮೇಲೆ ಚೀಟಿಯ ಮಾತು ಎಂದಿತು. ಗಾಡಿ ನಿಲ್ಲಿಸಲು ಕೊಟ್ಟಾಗಲೇ ಇಷ್ಟು ಹೊಣೆ ಇದ್ದರೆ, ದುಡ್ಡು ಪಡೆದು ಬಾನೆಟ್ ಬಿಚ್ಚಿ ಎಂಜಿನ್ನಿಗೆ ಕೈ ಹಾಕುವವರಿಗೆ ಎಷ್ಟಿರಬೇಡ!

ತಗ್ಗು, ಗೀರು ಕಣ್ಣಿಗೆ ಬೀಳುತ್ತವೆ. ಕಾಣದ ಹಾನಿಯೇ ಮನೆ ಹಾಳು ಮಾಡುವುದು. ಆಯಿಲ್ ಬದಲಿಸುವುದು ಸರ್ವಿಸಿನಲ್ಲಿ ತೀರಾ ಸಾಮಾನ್ಯ ಕೆಲಸ. ಎಂಜಿನ್ನಿನ ಆಯಿಲ್ ಚೇಂಬರಿನ ತಳದ ಬೋಲ್ಟು ಬಿಚ್ಚಿ ಹಳೆ ಆಯಿಲ್ ಇಳಿಸಬೇಕು, ವಾಷರ್ ಹೊಸದು ಹಾಕಬೇಕು, ಬೋಲ್ಟನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಬೇಕು. ಚೇಂಬರ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಬೋಲ್ಟನ್ನು ಓರೆಯಾಗಿ ಹಚ್ಚಿದರೂ, ಅತಿಯಾಗಿ ಬಿಗಿದರೂ ಥ್ರೆಡ್ ಕಿತ್ತುಹೋಗುತ್ತದೆ. ಹಳೆ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೆ ಅಂಟಿಕೊಂಡಿದ್ದನ್ನು ನೋಡದೆ ಹೊಸ ಫಿಲ್ಟರ್ ಕೂರಿಸಿದರೂ ಸೋರಿಕೆ ಶುರು. ಗಾಡಿ ಆ ದಿನ ಚೆನ್ನಾಗಿಯೇ ಓಡುತ್ತದೆ. ಆಯಿಲ್ ಹನಿಹನಿಯಾಗಿ ಹೋಗಿ, ಒಂದು ದಿನ ಅಥಣಿ ರಸ್ತೆಯ ಬಿಸಿಲಲ್ಲಿ ಕೆಂಪು ದೀಪ ಹತ್ತುತ್ತದೆ. ಬಹಳಷ್ಟು ಕಾರುಗಳಲ್ಲಿ ಆ ದೀಪ ತೋರಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹತ್ತುವ ಹೊತ್ತಿಗೆ ಬೇರಿಂಗುಗಳು ಆಯಿಲ್ ಇಲ್ಲದೆ ಉಜ್ಜಲು ಶುರುವಾಗಿರುತ್ತವೆ. ಆಮೇಲೆ ಎಂಜಿನ್ ಸೀಜ್. ಟೋ ಮಾಡಿಕೊಂಡು ಹೋದರೆ ಅದೇ ವರ್ಕ್‌ಶಾಪಿನವರು “ಕೆಳಗ ಕಲ್ಲ ಬಡದಿರಬೇಕ್ರಿ” ಅನ್ನುತ್ತಾರೆ. ವಿಮಾ ಕಂಪನಿ ಇದು ಯಾಂತ್ರಿಕ ದೋಷ, ಪಾಲಿಸಿಯಲ್ಲಿ ಬರುವುದಿಲ್ಲ ಅನ್ನುತ್ತದೆ. ಕಾರಿನ ಕಂಪನಿ ವಾರಂಟಿ ತಯಾರಿಕೆಯ ದೋಷಕ್ಕಷ್ಟೇ ಅನ್ನುತ್ತದೆ. ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕಾರು ತೆಗೆದುಕೊಂಡ ರೈತ ಮೂವರ ನಡುವೆ ಓಡಾಡಬೇಕು.

ಕಂಪನಿಗಳ ಮಾತು ಬಂತು. ಗೇಟಿನ ಮೇಲೆ ಕಂಪನಿಯ ಹೆಸರು, ಹುಡುಗರ ಅಂಗಿಯ ಮೇಲೆ ಅದರದೇ ಗುರುತು. ತಪ್ಪಾದ ಕೂಡಲೇ ಡೀಲರು ಬೇರೆ, ನಾವು ಬೇರೆ! 2021ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟು ಗೋವಾದ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ, ಹಳೆ ಕಾರನ್ನು ಹೊಸದೆಂದು ಮಾರಿದ ಡೀಲರನ ತಪ್ಪಿಗೆ ಅದು ಗೊತ್ತಿರದ ತಯಾರಕ ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ತೀರ್ಪಿಗೆ ತಲೆಬಾಗುತ್ತೇನೆ. ಆದರೆ ಅಧಿಕೃತ ಸರ್ವಿಸ್ ಬಿಟ್ಟು ಬೇರೆ ಕಡೆ ಹೋದರೆ ವಾರಂಟಿ ಇಲ್ಲ ಎಂದು ನಮ್ಮನ್ನು ಅದೇ ಡೀಲರನ ಬಾಗಿಲಿಗೆ ಅಟ್ಟುವುದು ಕಂಪನಿಯೇ ಅಲ್ಲವೇ? ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗಿನ ಮೆಕ್ಯಾನಿಕ್ ಮುಟ್ಟಿದ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ ಎಂದೂ ಹೇಳಿತ್ತು. ಕೆಲವು ಕಂಪನಿಗಳ ದಂಡ ಆಮೇಲೆ ಮೇಲ್ಮನವಿಯಲ್ಲಿ ಇಳಿಯಿತು. ವಾರಂಟಿ ಹೋಗುತ್ತದೆಂಬ ಅಂಜಿಕೆ ಮಾತ್ರ ಶೋರೂಮುಗಳಲ್ಲಿ ಹಾಗೇ ಉಳಿದಿದೆ.

ಕಂಪನಿಗೆ ಮನಸ್ಸಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನಲ್ಲಿ ನೀರು ಹೊಕ್ಕ ಫೋಕ್ಸ್‌ವ್ಯಾಗನ್ ಪೋಲೊ ಕಾರಿಗೆ ಅಧಿಕೃತ ವರ್ಕ್‌ಶಾಪು 22 ಲಕ್ಷದ ಎಸ್ಟಿಮೇಟ್ ಕೊಟ್ಟಿತು. ಕಾರಿನ ಬೆಲೆಯೇ ಸುಮಾರು 11 ಲಕ್ಷ. ವಿಮೆಗೆ ಬೇಕಾದ ದಾಖಲೆಗೆ 44,840 ರೂಪಾಯಿ ಕೇಳಿದರು. ಮಾಲೀಕರು ಕಂಪನಿಗೆ ಮುಟ್ಟಿಸಿದ ಮೇಲೆ ಅದು 5,000ಕ್ಕೆ ಇಳಿಯಿತು. ಹೀಗೆ ಕಂಪನಿಯ ತನಕ ಮಾತು ಮುಟ್ಟಿಸುವ ಅದೃಷ್ಟ ಬಬಲೇಶ್ವರದ ರೈತನಿಗೆ ಎಲ್ಲಿಂದ ಬರಬೇಕು?

ಕೇಳುವವರೇ ಇಲ್ಲ ಅನ್ನಿಸಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಜಿಲ್ಲೆಯಲ್ಲೇ ಕಂಡೆವು. 2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ, ಹೊಸ ಓಲಾ ಸ್ಕೂಟರಿನ ರಿಪೇರಿಗೆ ಅಲೆದು ಬೇಸತ್ತ ಯುವಕನೊಬ್ಬ ಶೋರೂಮಿಗೇ ಬೆಂಕಿ ಹಚ್ಚಿ ಬಂಧನಕ್ಕೊಳಗಾದ. ಆತನೂ ಮೆಕ್ಯಾನಿಕ್ಕೇ. ಆರು ಗಾಡಿಗಳು ಸುಟ್ಟವು. ಅದು ಅಪರಾಧ, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಅದರ ಮುಂದಿನ ತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸು ಕೊಟ್ಟಾಗ ಲೆಕ್ಕ ಹೊರಬಿತ್ತು: ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು. ಅಷ್ಟು ಜನ ಬೆಂಕಿ ಹಚ್ಚದೆ ಕಾನೂನಿನ ದಾರಿಯಲ್ಲೇ ಹೋಗಿದ್ದರು. ಅವರ ಹೆಸರು ಯಾವ ಪತ್ರಿಕೆಯ ಮೊದಲ ಪುಟದಲ್ಲೂ ಬರಲಿಲ್ಲ.

ಆ ದಾರಿ ಜನ ಅಂದುಕೊಂಡಷ್ಟು ದುರ್ಗಮವಲ್ಲ. ವಿಜಯಪುರದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿ ಲೆಕ್ಕ ಹಾಕುವುದು ನೀವು ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಸರ್ವಿಸ್ ಬಿಲ್ಲು ಐದು ಲಕ್ಷ ದಾಟುವುದುಂಟೇ? ವಕೀಲರು ಕಡ್ಡಾಯವಲ್ಲ. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ನಮ್ಮ ಭಾಗದವರಿಗೆ ಬಹಳ ಉಪಯೋಗದ ಮಾತು ಇನ್ನೊಂದಿದೆ. ಕೆಲವು ಕಂಪನಿಗಳ ಸರ್ವಿಸಿಗೆ ನಾವು ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುತ್ತೇವೆ. ಮೊದಲು ವ್ಯಾಜ್ಯಕ್ಕೂ ಅಲ್ಲಿಗೇ ಅಲೆಯಬೇಕಿತ್ತು. ಈಗ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಸೊಲ್ಲಾಪುರದ ಡೀಲರು ವಿಜಯಪುರಕ್ಕೆ ಬಂದು ಉತ್ತರ ಹೇಳಬೇಕು.

ಕೊರತೆಯೂ ಇದೆ. ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಿದರೆ ಐದು ತಿಂಗಳಲ್ಲಿ ತೀರ್ಪು ಕೊಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ದೇಶದ ಗ್ರಾಹಕ ಆಯೋಗಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ಎಂಜಿನ್ ಪ್ರಕರಣಗಳಲ್ಲಿ ತಜ್ಞರ ವರದಿ ಇಲ್ಲದೆ ದೂರು ಬಹಳ ಸಲ ಸೋಲುತ್ತದೆ. ಆ ವರದಿ ಕೊಡುವ ಸ್ವತಂತ್ರ ಮನುಷ್ಯ ಬೇಕು. ನಮ್ಮೂರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವ ಕಾಲೇಜಿದೆ, ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರಿದ್ದಾರೆ. ಇವರ ಒಂದು ಪಟ್ಟಿ ಆಯೋಗದ ಕೈಯಲ್ಲಿ ಸಿದ್ಧವಿದ್ದರೆ ಕಿತ್ತುಹೋದ ಬೋಲ್ಟಿನ ಥ್ರೆಡ್ ನೋಡಿ ಕಲ್ಲು ಬಡಿದದ್ದೋ, ಸ್ಪ್ಯಾನರಿನ ತಪ್ಪೋ ಎಂದು ಹೇಳಲು ಎಷ್ಟು ಹೊತ್ತು ಬೇಕು?

ಡೀಲರುಗಳ ದೂರನ್ನೂ ಕೇಳಿದ್ದೇನೆ. ಹಳೆಯ ಗೀರನ್ನು ನಮ್ಮ ತಲೆಗೆ ಕಟ್ಟುವ ಗಿರಾಕಿಗಳಿದ್ದಾರೆ ಅನ್ನುತ್ತಾರೆ. ಇದ್ದಾರೆ, ಅದು ನಿಜ. ಹಾಗಾದರೆ ಗಾಡಿ ಒಳಗೆ ತೆಗೆದುಕೊಳ್ಳುವಾಗ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಇಬ್ಬರ ಮೊಬೈಲಿಗೂ ಕಳಿಸಲು ತಕರಾರೇನು? ಕೆಲಸ ನಡೆಯುವ ಜಾಗದ ಕ್ಯಾಮೆರಾ ದೃಶ್ಯ ಕೇಳಿದಾಗ ಅದು ಕೆಟ್ಟಿರುತ್ತದೆ ಯಾಕೆ? ಪ್ರಾಮಾಣಿಕ ಡೀಲರಿಗೆ ಈ ದಾಖಲೆಗಳೇ ರಕ್ಷಣೆ. ಕೆಳಗೆ ಮಲಗಿ ಬೋಲ್ಟು ತಿರುಗಿಸುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಡಿಮೆ ಪಗಾರಕ್ಕೆ, ಒಂದರ ಹಿಂದೆ ಒಂದು ಗಾಡಿ ಮುಗಿಸು ಎಂಬ ಒತ್ತಡದಲ್ಲಿ ದುಡಿಯುವವನು ಅವನು. ಹಾನಿಯ ದುಡ್ಡನ್ನು ಅವನ ಪಗಾರದಲ್ಲಿ ಮುರಿದುಕೊಳ್ಳುವುದೂ ಅನ್ಯಾಯವೇ. ಟೆಫ್ಲಾನ್ ಕೋಟಿಂಗು, ಎಂಜಿನ್ ಫ್ಲಶ್ ಎಂದು ಬೇಡದ್ದನ್ನು ಮಾರಲು ಟಾರ್ಗೆಟ್ ಕೊಡುವವರು ಬೋಲ್ಟು ಎಷ್ಟು ಬಿಗಿಯಾಯಿತೆಂದು ಅಳೆಯಲು ಒಬ್ಬ ಮೇಲ್ವಿಚಾರಕನನ್ನು ನಿಲ್ಲಿಸಲಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಗ್ರಾಹಕ ಸಂರಕ್ಷಣಾ ಪರಿಷತ್ತು ಇರಬೇಕು, ಅದು ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಬೇಕು ಎಂದು 2019ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ವಿಜಯಪುರದ ಪರಿಷತ್ತಿನ ಮುಂದಿನ ಸಭೆಯ ಮುಂದೆ ಈ ಬೇಡಿಕೆಗಳನ್ನು ಇಡುತ್ತೇನೆ: ಜಾಬ್ ಕಾರ್ಡು ಕನ್ನಡದಲ್ಲಿರಬೇಕು, ಹಿಂಬದಿಯ ಷರತ್ತುಗಳು ಕೂಡ. ಗಾಡಿ ಪಡೆಯುವಾಗ, ಕೊಡುವಾಗ ಫೋಟೊ ತೆಗೆಯಬೇಕು. ವರ್ಕ್‌ಶಾಪಿನ ವಶದಲ್ಲಿದ್ದಾಗ ಆದ ಹಾನಿಗೆ ಗಿರಾಕಿಯ ಪಾಲಿಸಿಯಲ್ಲಿ ಕ್ಲೇಮು ಹಾಕಿಸಬಾರದು. ಡೀಲರನ ಸ್ವಂತ ವಿಮೆಯ ನಂಬರನ್ನು ಕೌಂಟರಿನ ಮೇಲೆ ತೂಗುಹಾಕಬೇಕು. ಜಿಲ್ಲಾಧಿಕಾರಿಗಳು ಡೀಲರುಗಳನ್ನೂ ಅದೇ ಸಭೆಗೆ ಕರೆಸಿ ಉತ್ತರ ಕೇಳಲಿ. ಇಂಥ ಅನುಭವ ಆದವರು ನಿಮ್ಮ ಜಾಬ್ ಕಾರ್ಡು, ಬಿಲ್ಲುಗಳ ಝೆರಾಕ್ಸ್ ಇಟ್ಟು ಪರಿಷತ್ತಿಗೆ ಬರೆಯಿರಿ. ಮನವಿ ಒಬ್ಬನದಾಗಿರುವುದು ಬೇಡ.