ಹಿತ್ತಲಿನ ಹಾಜರಿ ಪುಸ್ತಕ

ಕಳೆದ ಸಂಚಿಕೆಯಲ್ಲಿ ಗೊಬ್ಬರದ ಗುಂಡಿಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನು. ಗುದ್ದಲಿ ಕುಡುಗೋಲುಗಳಷ್ಟೇ ಕೈತೋಟಕ್ಕೆ ಆವಶ್ಯಕವಾದ, ಆದರೆ ಬಹುಮಂದಿ ಗೃಹಸ್ಥರು ಉಪೇಕ್ಷಿಸುವ ಉಪಕರಣವೊಂದನ್ನು ಈ ಸಲ ವಾಚಕರ ಗಮನಕ್ಕೆ ತರಬೇಕೆಂದಿದ್ದೇನೆ. ಅದು ಇನ್ನೂರು ಪುಟಗಳ ಒಂದು ನೋಟುಬುಕ್ಕು.

ಬಹುಕಾಲ ಮಕ್ಕಳ ಹಾಜರಿಯನ್ನು ಬರೆದ ಈ ಕೈಯು ನಿವೃತ್ತಿಯ ತರುವಾಯ ಗಿಡಗಳ ಹಾಜರಿಯನ್ನು ಬರೆಯತೊಡಗಿತು. ಆದರೆ ಬರೆಯುವುದು ಬೇರೆ, ಬರೆದುದನ್ನು ಓದುವುದು ಬೇರೆ. ಈ ಭೇದವನ್ನು ನನಗೆ ಕಲಿಸಿದುದು ಹೋದ ವರ್ಷದ ಬದನೆಯ ಬೆಳೆ.

ಆರಿದ್ರಾ ಮಳೆಯಲ್ಲಿ ನೆಟ್ಟ ಸಸಿಗಳು ಹದಿನೈದು ದಿನಗಳೊಳಗೆ ಒಂದೊಂದಾಗಿ ಬಾಡಿಬಿದ್ದುವು. ಕಿತ್ತು ನೋಡಿದರೆ ಬೇರೇ ಇಲ್ಲ. ಮಣ್ಣಿನಲ್ಲಿ ಬಿಳಿಯ ಗೊಣ್ಣೆಹುಳುಗಳು. ನಮ್ಮ ಸೊಸೆಯು ಅಡಿಗೆಮನೆಯ ಸಿಪ್ಪೆಸದೆಗಳನ್ನು ದಿನವೂ ಗುಂಡಿಗೆ ಹಾಕುತ್ತಿದ್ದಳು. “ನಿನ್ನ ಸಿಪ್ಪೆಯಿಂದಲೇ ಈ ಹುಳು ಬಂದದ್ದಮ್ಮಾ” ಎಂದು ಎಲ್ಲರೆದುರಿಗೆ ನುಡಿದುಬಿಟ್ಟೆನು. ಆಕೆ ಎದುರಾಡಲಿಲ್ಲ. ಮರುದಿನದಿಂದ ಸಿಪ್ಪೆಯು ನಗರಸಭೆಯ ಕಸದ ಗಾಡಿಗೆ ಹೋಗತೊಡಗಿತು. ಆಕೆ ಹಿತ್ತಲಿಗೆ ಬರುವುದೂ ನಿಂತಿತು.

ದೀಪಾವಳಿಯ ಬಿಡುವಿನಲ್ಲಿ ಪುಸ್ತಕವನ್ನು ಮೊದಲಿನಿಂದ ಓದಿದೆನು. ಜೂನ್ 24ರ ಬರೆಹವು ಹೀಗಿತ್ತು: “1, 2ನೆಯ ಪಾತಿ: ತಿಪ್ಪೆಯ ಸಗಣಿ, ಅರ್ಧ ಕಳಿತದ್ದು, ತಲಾ ಎರಡು ಬುಟ್ಟಿ. 3ನೆಯ ಪಾತಿ: ಗುಂಡಿಯ ಗೊಬ್ಬರ, ಎರಡು ಬುಟ್ಟಿ.” ಜುಲೈ 10ರಂದು: “1ರಲ್ಲಿ ಏಳು, 2ರಲ್ಲಿ ಐದು ಸಸಿ ಸತ್ತವು. 3 ಕ್ಷೇಮ.” ಪೂರ್ತಿ ಕಳಿಯದ ಸಗಣಿಯಲ್ಲಿ ದುಂಬಿಗಳಿಟ್ಟ ಮೊಟ್ಟೆಗಳೊಡೆದು ಹುಳುಗಳಾಗುವುವು, ಗೊಬ್ಬರದೊಡನೆ ಪಾತಿಗೆ ಬಂದು ಬೇರನ್ನು ತಿನ್ನುವುವು. ಆ ಸಗಣಿಯನ್ನು ಆತುರದಿಂದ ತಂದು ಹಾಕಿದವನು ನಾನು. ಸೊಸೆಯ ಸಿಪ್ಪೆಯ ಗೊಬ್ಬರವು ಬಿದ್ದ ಪಾತಿಯೊಂದೇ ಉಳಿದಿದ್ದಿತು. ಸಾಕ್ಷಿಯನ್ನು ನನ್ನ ಕೈಯಿಂದಲೇ ಬರೆದಿಟ್ಟು, ಅದನ್ನು ಓದದೆಯೇ ತೀರ್ಪು ಕೊಟ್ಟಿದ್ದೆನು. ಪುಸ್ತಕವನ್ನು ಆಕೆಯ ಮುಂದಿಟ್ಟು, ಎಲ್ಲರೆದುರಿಗೇ, “ತಪ್ಪು ನನ್ನದಮ್ಮಾ” ಎಂದೆನು.

ನಮ್ಮಲ್ಲಿ ಗ್ರಂಥಗಳಿಗೆ ಕೊರತೆಯಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ, 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದೊಂದು ಅಧ್ಯಾಯವೇ ಮೀಸಲಾಗಿದೆ. ಆದರೆ ಶಾಸ್ತ್ರವು ಸಾಮಾನ್ಯವನ್ನು ಹೇಳುವುದು; ವಿಶೇಷವನ್ನು ನಮ್ಮ ನಮ್ಮ ಹಿತ್ತಲೇ ಹೇಳಬೇಕು. ಅದು ಹೇಳಿದುದನ್ನು ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುವುದು; ಕಾಗದವು ತಿದ್ದಿಕೊಳ್ಳದು.

ಪುಸ್ತಕವನ್ನಿಡುವ ಕ್ರಮವು ಸುಲಭವಾದುದು. ಮೊದಲನೆಯ ಪುಟದಲ್ಲಿ ಹಿತ್ತಲಿನ ನಕ್ಷೆಯನ್ನು ಬರೆದು ಪಾತಿಗಳಿಗೆ ಸಂಖ್ಯೆ ಕೊಡಿರಿ. ಉಳಿದ ಪುಟಗಳಲ್ಲಿ ಐದು ಕಲಮುಗಳು ಸಾಕು: ದಿನಾಂಕ ಮತ್ತು ಮಳೆಯ ನಕ್ಷತ್ರ, ಪಾತಿಯ ಸಂಖ್ಯೆ, ಬೀಜವು ಬಂದ ಮೂಲ, ಗೊಬ್ಬರ ಎಷ್ಟು ಬುಟ್ಟಿ, ಫಲ ಅಥವಾ ನಷ್ಟ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆಗಳು ಒಂದೇ ಕುಲದವು. ಒಂದರ ಹಿಂದೆ ಇನ್ನೊಂದನ್ನು ಅದೇ ಪಾತಿಯಲ್ಲಿ ಬೆಳೆದರೆ ರೋಗವು ಮಣ್ಣಿನಲ್ಲಿ ನೆಲಸುವುದು. ನಡುವೆ ಅವರೆ, ಅಲಸಂದೆಗಳನ್ನು ಹಾಕಿದರೆ ಅವುಗಳ ಬೇರಿನ ಗಂಟುಗಳು ಸಾರಜನಕವನ್ನು ಕೂಡಿಸುವುವು. ಯಾವ ಪಾತಿಯಲ್ಲಿ ಹಿಂದೆ ಏನಿತ್ತೆಂಬುದನ್ನು ಪುಸ್ತಕವಲ್ಲದೆ ಇನ್ನಾರು ಹೇಳಬಲ್ಲರು? ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಮನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಸಿ, ಸೋಸಿ, ಸಂಜೆ ಎಲೆಗಳಿಗೆ ಸಿಂಪಡಿಸಿದ ದಿನವನ್ನೂ ಬರೆಯಿರಿ. ಗುಂಡಿ ತುಂಬಿದ ದಿನವನ್ನಂತೂ ಮರೆಯಬಾರದು. ಹೋವರ್ಡ್ ಮತ್ತು ವಾಡ್ ಎಂಬ ವಿಜ್ಞಾನಿಗಳು 1931ರಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯಲ್ಲಿ, ಆಗಾಗ ಮಗುಚಿದ ಗೊಬ್ಬರವೂ ಸುಮಾರು ಮೂರು ತಿಂಗಳು ಕಳಿಯಬೇಕು. ನನ್ನ ಆತುರಕ್ಕೆ ಆ ಲೆಕ್ಕವೇ ಮದ್ದಾಗುತ್ತಿತ್ತು.

ಕಂಡುದನ್ನು ಬರೆಯಿರಿ, ಊಹಿಸಿದುದನ್ನು ಬರೆಯಬೇಡಿರಿ. ನಷ್ಟವನ್ನು ಮರೆಮಾಚಬೇಡಿರಿ. ತಿಂಗಳಿಗೊಮ್ಮೆ ಮನೆಯವರೆಲ್ಲರೂ ಕುಳಿತು ಓದಿರಿ.

ಈಗ ನಮ್ಮ ಪುಸ್ತಕದಲ್ಲಿ ಎರಡು ಕೈಬರೆಹಗಳಿವೆ. ಮೊನ್ನೆ ತೆರೆದಾಗ ಸೊಸೆಯ ಅಕ್ಷರದಲ್ಲಿ ಒಂದು ಸಾಲು ಕಂಡಿತು: “ಮಾವನವರು 2ನೆಯ ಪಾತಿಗೆ ನೀರು ಹೆಚ್ಚು ಹಾಕುತ್ತಾರೆ.” ಪರೀಕ್ಷಿಸಿ, ಫಲವನ್ನು ಮುಂದಿನ ಸಂಚಿಕೆಯಲ್ಲಿ ಅರಿಕೆ ಮಾಡುವೆನು.