ವೈರಿಂಗ್ ಪೂರ್ತಿ ಬದಲಾಯಿಸಬೇಕು ಅನ್ನುವವರಿಗೆ

ಕಳೆದ ಮಳೆಗಾಲದಲ್ಲಿ ನನ್ನ ಚೇತಕ್ ನಿಂತುಹೋಯಿತು. ಅಪ್ಪ ಇಪ್ಪತ್ತು ವರ್ಷ ಶಾಲೆಗೆ ಓಡಿಸಿ ನನಗೆ ಕೊಟ್ಟ ಗಾಡಿ. ಎಷ್ಟು ಕಿಕ್ ಹೊಡೆದರೂ ಸ್ಪಾರ್ಕ್ ಇಲ್ಲ. ತಳ್ಳಿಕೊಂಡು ಹೋದ ಗ್ಯಾರೇಜಿನಲ್ಲಿ ಹುಡುಗನೊಬ್ಬ ಪ್ಲಗ್ ಬಿಚ್ಚಿ ನೋಡಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ: "ಹಳೇ ಗಾಡಿ ಸರ್, ಕಾಯಿಲೂ ವೈರಿಂಗೂ ಪೂರ್ತಿ ಚೇಂಜ್ ಮಾಡ್ಬೇಕು." ಎಲ್ಲಿ ಹೋಗಿದೆ ಎಂದು ಕೇಳಿದೆ. "ಎಲ್ಲಾ ಹೋಗಿದೆ" ಅಂದ. ಫೆಲೋಶಿಪ್ ಬಾರದೆ ನಾಲ್ಕು ತಿಂಗಳಾಗಿತ್ತು. ಗಾಡಿಯನ್ನು ಮತ್ತೆ ರೂಮಿಗೆ ತಳ್ಳಿಕೊಂಡು ಬಂದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಕಾಯಿಲ್ ಮುಟ್ಟಬೇಡ. ಮೊದಲು ಆಫ್ ಮಾಡೋ ವೈರ್ ಬಿಚ್ಚಿ ಕಿಕ್ ಹೊಡೆದು ನೋಡು" ಅಂದರು.

ಈ ಮಾತಿನ ತರ್ಕ ಆಮೇಲೆ ಅರ್ಥವಾಯಿತು. ಮನೆಯ ಸ್ವಿಚ್ಚು ಸಂಪರ್ಕ ಕಡಿದು ದೀಪ ಆರಿಸುತ್ತದೆ. ಇಂಥ ಹಳೆಯ ಸ್ಕೂಟರಿನಲ್ಲಿ ಲೆಕ್ಕ ಉಲ್ಟಾ. ಸ್ಪಾರ್ಕಿಗೆ ಬ್ಯಾಟರಿ ಬೇಕಿಲ್ಲ; ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿನ ಅಯಸ್ಕಾಂತಗಳೇ ಒಳಗಿನ ಕಾಯಿಲುಗಳಲ್ಲಿ ಕರೆಂಟ್ ಹುಟ್ಟಿಸುತ್ತವೆ. ಸ್ವಿಚ್ ಆಫ್ ಮಾಡಿದಾಗ ಒಂದು ತಂತಿ ಗಾಡಿಯ ಲೋಹದ ಮೈಗೆ ಕೂಡಿಕೊಂಡು, ಸ್ಪಾರ್ಕ್ ಆಗಬೇಕಿದ್ದ ಕರೆಂಟ್ ಅಲ್ಲೇ ಅರ್ತ್ ಆಗಿಬಿಡುತ್ತದೆ. ಆ ತಂತಿಯ ಹೊದಿಕೆ ಎಲ್ಲೋ ಸವೆದು ಮೈಗೆ ತಾಗಿದರೂ ಸಾಕು, ನೀವು ಆನ್ ಮಾಡಿದರೂ ಎಂಜಿನ್ ಪಾಲಿಗೆ ಅದು ಆಫ್.

ಆ ತಂತಿ ಬಿಚ್ಚಿದಾಗ ಸ್ಪಾರ್ಕ್ ಬಂದರೆ ಕಾಯಿಲ್ ನಿರ್ದೋಷಿ; ಸ್ವಿಚ್ಚನ್ನೂ ಅದರ ದಾರಿಯನ್ನೂ ಹುಡುಕಿದರೆ ಸಾಕು. ಬಾರದಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆ ನೋಡಬೇಕು. ಒಂದೇ ಪ್ರಶ್ನೆಗೆ ಅರ್ಧ ಗಾಡಿ ಅನುಮಾನದಿಂದ ಹೊರಗೆ. ನನ್ನ ಗಾಡಿ ಎರಡನೇ ಕಿಕ್ಕಿಗೇ ಎದ್ದಿತು. ಆಫ್ ತಂತಿ ಕೈಯಲ್ಲೇ ಇದ್ದುದರಿಂದ ನಿಲ್ಲಿಸಲು ಬ್ರೇಕ್ ತುಳಿದು, ಗೇರಿಗೆ ಹಾಕಿ, ಕ್ಲಚ್ ಬಿಡಬೇಕಾಯಿತು. ಮರುದಿನ ಹ್ಯಾಂಡಲ್ ತಿರುಗುವಾಗ ತಂತಿಗಳು ಉಜ್ಜುವ ಜಾಗದಲ್ಲಿ ಹೊದಿಕೆ ಹರಿದದ್ದು ಸಿಕ್ಕಿತು. ಖರ್ಚಾದದ್ದು ಅರ್ಧ ಅಡಿ ವೈರು, ಒಂದಿಷ್ಟು ಟೇಪು.

ಆ ಹುಡುಗನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಫ್ಲೈವೀಲಿನ ಹಿಂದಿನ ಬಿಸಿಗೆ, ಎಣ್ಣೆಗೆ ತಂತಿಯ ಹೊದಿಕೆ ಪುಡಿಪುಡಿಯಾಗಿ ಉದುರುವ ಗಾಡಿಗಳಿವೆ. ಅಲ್ಲಿ ಬದಲಾಯಿಸುವುದೇ ಸರಿ. ಆದರೆ ಅದು ನೋಡಿದ ಮೇಲೆ ಬರಬೇಕಾದ ತೀರ್ಮಾನ. ನೋಡುವುದಕ್ಕೆ ನಾವು ದುಡ್ಡು ಕೊಡುತ್ತೇವೆಯೇ? ಬಿಲ್ಲಿನಲ್ಲಿ ಸಾಮಾನಿಗೆ ಒಂದು ಸಾಲಿದೆ, ಹುಡುಕಿದ ಗಂಟೆಗಳಿಗೆ ಸಾಲಿಲ್ಲ. ಎರಡು ಗಂಟೆ ಹುಡುಕಿ ಹತ್ತು ರೂಪಾಯಿಯ ಟೇಪು ಸುತ್ತಿದವನ ಜೊತೆ ಚೌಕಾಸಿಗೆ ಇಳಿಯುವವರು ನಾವೇ.

ನನ್ನ ಜಗಳ ಸಾಹಿತ್ಯ ಓದುವ ನಮ್ಮ ಜೊತೆಗೆ. 1972ರಲ್ಲಿ ಬಂದ ಚೇತಕ್ ನಮಗೀಗ ನೆನಪಿನ ಸರಕು. ಕೆಫೆಯ ಗೋಡೆಯ ಮೇಲೆ ಅದರ ಚಿತ್ರ. ಅಮ್ಮ ಹಿಂದೆ ಕೂತು ತಂಗಿ ಮುಂದೆ ನಿಂತ ಅದೇ ಪ್ರಬಂಧ. ಸ್ಟಾರ್ಟ್ ಆಗದ ಗಾಡಿಯನ್ನು ಅಪ್ಪ ಒಂದು ಕಡೆಗೆ ವಾಲಿಸುತ್ತಿದ್ದುದನ್ನು ಮುದ್ದಾಗಿ ಬರೆಯುತ್ತೇವೆ. ಯಾಕೆ ಸ್ಟಾರ್ಟ್ ಆಗುತ್ತಿರಲಿಲ್ಲ ಎಂದು ಕೇಳಿದರೆ ಅದು ಮೆಕ್ಯಾನಿಕ್ಕಿನ ವಿಷಯ, ಸಾಹಿತ್ಯವಲ್ಲ. ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕಟ್ಟಿದ ಭಾಷೆ ಇದು. ಗಿಡಮರಗಳ ಬಗ್ಗೆ ಬರೆದ 'ಹಸುರು ಹೊನ್ನು' ಕೃತಿಗೆ ಬಿ.ಜಿ.ಎಲ್. ಸ್ವಾಮಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಭಾಷೆ. ಗಿಡಕ್ಕೆ ಒಳಗೆ ಜಾಗವಿದ್ದರೆ ತಂತಿಗೆ ಯಾಕಿಲ್ಲ?

ನಮ್ಮ ಸಂಶೋಧನೆಯೂ ಇದೇ ಗ್ಯಾರೇಜು. ಪಠ್ಯ ಒಗ್ಗದಿದ್ದಾಗ ಎಲ್ಲಿ ಒಗ್ಗುತ್ತಿಲ್ಲ ಎಂದು ಸಾಲು ಸಾಲು ಹಿಡಿದು ಹುಡುಕುವ ತಾಳ್ಮೆ ನಮಗಿಲ್ಲ. ಸಿದ್ಧಾಂತವನ್ನೇ ಪೂರ್ತಿ ಚೇಂಜ್ ಮಾಡುತ್ತೇವೆ. ನನ್ನ ಎರಡನೇ ಅಧ್ಯಾಯದಲ್ಲಿ ನಾನು ಮಾಡಿದ್ದೂ ಇದನ್ನೇ. ಹುಡುಕಾಟಕ್ಕೆ ಇಲ್ಲಿಯೂ ಬಿಲ್ಲಿನಲ್ಲಿ ಸಾಲಿಲ್ಲ, ಪ್ರಕಟವಾದ ಲೇಖನಕ್ಕೆ ಮಾತ್ರ ಅಂಕ.

ಚೇತಕ್ ಎಂಬ ಹೆಸರು 2020ರಲ್ಲಿ ವಿದ್ಯುತ್ ಸ್ಕೂಟರಿನ ಮೇಲೆ ಮರಳಿ ಬಂತು. ದುಂಡು ಮೈಯೂ ಸ್ವಲ್ಪಮಟ್ಟಿಗೆ ಮರಳಿತು. ಹಳೆಯದನ್ನು ಬಿಚ್ಚಿ ನೋಡಿ ಬಲ್ಲವರ ತಿಳಿವಳಿಕೆ ಮಾತ್ರ ಹಾಗೆ ಮರಳಿ ಬರುವುದಿಲ್ಲ, ಅದನ್ನು ಯಾರೂ ಬರೆದಿಟ್ಟಿಲ್ಲದಿದ್ದರೆ. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಇನ್ನೂ ಅಂಗಡಿ ತೆರೆದಿದ್ದರೆ ನೋಟ್ ಪುಸ್ತಕ ಹಿಡಿದು ಹೋಗಿ, ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಅಪ್ಪ ಹೇಳುತ್ತಾ ಹೋದದ್ದನ್ನು ನಾನು ಬರೆಯಲು ಶುರು ಮಾಡಿದ್ದೇನೆ. ಮೊದಲ ಸಾಲು: ಕಾಯಿಲ್ ಮುಟ್ಟಬೇಡ.